ಮೊದಲ ಹತ್ತು ನಿಮಿಷ ನಂಬಬೇಡಿ

ನನ್ನ ಮೊದಲ ದುಬಾರಿ ಸೆಂಟನ್ನು ಒಂದು ವಿಮಾನ ನಿಲ್ದಾಣದ ಅಂಗಡಿಯಲ್ಲಿ ಕೊಂಡೆ. ವಿಮಾನ ಹತ್ತಲು ಕರೆಯುತ್ತಿದ್ದರು. ಅಂಗಡಿಯ ಹುಡುಗಿ ಕಾಗದದ ಪಟ್ಟಿಗೆ ಪಿಸ್ಸೆಂದು ಒಮ್ಮೆ ಹೊಡೆದು ಕೈಗಿತ್ತಳು. ಕಿತ್ತಳೆ ಸಿಪ್ಪೆ ಹಿಚುಕಿದಾಗ ಮುಖಕ್ಕೆ ಹಾರುತ್ತದಲ್ಲ, ಥೇಟ್ ಆ ಘಮ. ಎರಡೇ ನಿಮಿಷದಲ್ಲಿ ದುಡ್ಡು ಕೊಟ್ಟಾಯಿತು. ಮರುದಿನ ಅದನ್ನು ಹಾಕಿಕೊಂಡು ಆಫೀಸಿಗೆ ಹೋದೆ. ಹತ್ತೂವರೆ ಅನ್ನುವಷ್ಟರಲ್ಲಿ ಕಿತ್ತಳೆ ಮಾಯ. ಉಳಿದದ್ದು ಬೆಲ್ಲದ ಪಾಕ ತಳ ಹಿಡಿದಂಥ ಒಂದು ಸಿಹಿ. ಅದು ಸಂಜೆಯ ತನಕ ನನ್ನನ್ನು ಬಿಡಲಿಲ್ಲ. ಬಾಟಲಿಯಲ್ಲಿ ಇನ್ನೂ 99 ಮಿಲಿಲೀಟರ್ ಬಾಕಿ ಇತ್ತು.

ಯಾರೂ ಮೋಸ ಮಾಡಿರಲಿಲ್ಲ. ನಾನು ಮೆಚ್ಚಿದ್ದು ಮೊದಲ ಹತ್ತು ನಿಮಿಷವನ್ನು, ಮನೆಗೆ ತಂದದ್ದು ಉಳಿದ ಎಂಟು ಗಂಟೆಯನ್ನು. ಸೆಂಟಿನ ಹುಚ್ಚು ಹಿಡಿದವರೆಲ್ಲ ಒಮ್ಮೆಯಾದರೂ ಈ ಪೆಟ್ಟು ತಿಂದಿರುತ್ತಾರೆ.

ಅಡುಗೆಮನೆ ಗೊತ್ತಿದ್ದವರಿಗೆ ಇದರ ಹಿಂದಿನ ವಿಜ್ಞಾನ ಕಷ್ಟವೇನಲ್ಲ. ಹುಳಿಗೆ ಇಂಗು, ಸಾಸಿವೆಯ ಒಗ್ಗರಣೆ ಬಿದ್ದಾಗ ಚುಂಯ್ ಅನ್ನುವ ಘಮ ಪಕ್ಕದ ಮನೆಗೂ ಮುಟ್ಟುತ್ತದೆ. ಐದು ನಿಮಿಷಕ್ಕೆ ಅದು ಇಳಿದುಹೋಗುತ್ತದೆ. ಪುಡಿ ಹುರಿದ ವಾಸನೆ ಮಾತ್ರ ಸಂಜೆಯ ತನಕ ಸೆರಗಿನಲ್ಲೇ ಕೂತಿರುತ್ತದೆ. ಸೆಂಟೂ ಅಷ್ಟೆ. ಅದು ಆಲ್ಕೋಹಾಲಿನಲ್ಲಿ ಕರಗಿಸಿದ ಹತ್ತಾರು, ಕೆಲವೊಮ್ಮೆ ನೂರಾರು ಪರಿಮಳದ ಅಣುಗಳ ಗುಂಪು. ಮೈಗೆ ಬಿದ್ದ ಕೂಡಲೇ ಮೊದಲು ಆಲ್ಕೋಹಾಲ್ ಹಾರುತ್ತದೆ. ಆಮೇಲೆ ಅಣುಗಳು ಒಂದೊಂದಾಗಿ ಹೊರಡುತ್ತವೆ, ಸಾಮಾನ್ಯವಾಗಿ ಹಗುರಾದವು ಮೊದಲು.

ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೋನಿನ್ ಅಣುವಿನ ತೂಕ 136. ಲ್ಯಾವೆಂಡರಿನ ಲಿನಲೂಲ್ 154. ಗಂಧದ ಸ್ಯಾಂಟಲಾಲ್ 220. ಇಂದಿನ ಸೆಂಟು, ಸೋಪುಪುಡಿಗಳಲ್ಲಿ ಧಾರಾಳವಾಗಿ ಬಳಸುವ ಗ್ಯಾಲಕ್ಸೊಲೈಡ್ ಎಂಬ ಕಸ್ತೂರಿಯಂಥ ವಸ್ತುವಿನದು 258. ತೂಕವೊಂದೇ ಲೆಕ್ಕವಲ್ಲ, ಅಣುಗಳು ಒಂದನ್ನೊಂದು ಎಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತವೆ ಅನ್ನುವುದೂ ಮುಖ್ಯ. ಆದರೂ ಈ ನಾಲ್ಕು ಅಂಕಿ ನೋಡಿದರೆ ಯಾರು ಬೇಗ ಎದ್ದು ಹೋಗುತ್ತಾರೆ, ಯಾರು ಕೊನೆಯ ತನಕ ಕೂರುತ್ತಾರೆ ಅಂತ ಅಂದಾಜು ಸಿಗುತ್ತದೆ. ಟಾಪ್ ನೋಟ್, ಮಿಡ್ಲ್ ನೋಟ್, ಬೇಸ್ ನೋಟ್ ಅನ್ನುವ ಹೆಸರುಗಳೆಲ್ಲ ಇದೇ ಓಟದ ಮೊದಲ, ನಡುವಿನ, ಕೊನೆಯ ಹಂತಗಳು. ಅಂಗಡಿಯಲ್ಲಿ ಮಾರಾಟವಾಗುವುದು ಟಾಪ್ ನೋಟ್. ಅದನ್ನು ಬೇಕೆಂದೇ ಆಕರ್ಷಕವಾಗಿ ಕಟ್ಟಿರುತ್ತಾರೆ, ಅಲ್ವಾ?

ಹಾಗಾಗಿ ಸಂಗ್ರಹ ಕಟ್ಟುವವರಿಗೆ ನಾನು ಮೊದಲು ಹೇಳುವುದು: ಬಾಟಲಿ ಬೇಡ, 2 ಮಿಲಿಲೀಟರಿನ ಸ್ಯಾಂಪಲ್ ಕೊಳ್ಳಿ. ಕಾಗದದ ಮೇಲಲ್ಲ, ಮುಂಗೈ ಮೇಲೆ ಹಾಕಿ. ಕಾಗದಕ್ಕೆ ಮೈಬಿಸಿಯೂ ಇಲ್ಲ, ಎಣ್ಣೆ ಪಸೆಯೂ ಇಲ್ಲ. ಹಾಕಿಕೊಂಡು ಸುಮ್ನೆ ನಿಮ್ಮ ಕೆಲಸ ನೋಡಿಕೊಳ್ಳಿ. ನಾಲ್ಕು ಗಂಟೆಯ ಮೇಲೆ ಮೂಸಿ. ಆಗಲೂ ಖುಷಿಯಾದರೆ ಇನ್ನೊಂದು ದಿನ ಹಾಕಿ. ಮೂರನೆಯ ದಿನವೂ ಖುಷಿಯಾದರೆ ಬಾಟಲಿಯ ಮಾತು.

ಒಂದು ಸಣ್ಣ ಲೆಕ್ಕವನ್ನೂ ಮಾಡೋಣ. ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿಲೀಟರ್ ಹೊರಬರುತ್ತದೆ. 100 ಮಿಲಿಲೀಟರ್ ಬಾಟಲಿ ಅಂದರೆ ಸುಮಾರು 1000 ಸಲ. ದಿನಕ್ಕೆ ನಾಲ್ಕು ಸಲ ಹೊಡೆದುಕೊಂಡರೂ 250 ದಿನ ಬರುತ್ತದೆ. ಅಂಥ ಹತ್ತು ಬಾಟಲಿ ಇದ್ದರೆ ಹತ್ತಿರ ಹತ್ತಿರ ಏಳು ವರ್ಷ! ಒಂದು ದಿನವೂ ತಪ್ಪದೆ ಹಾಕಿದರೆ ಮಾತ್ರ ಈ ಲೆಕ್ಕ. ದೊಡ್ಡ ಬಾಟಲಿಗೆ ಮಿಲಿಲೀಟರ್ ಲೆಕ್ಕದಲ್ಲಿ ಬೆಲೆ ಕಡಿಮೆ ಅಂತ ಕೊಂಡು, ಮುಗಿಸಲಾಗದೆ ಕೆಡಿಸಿದವರಲ್ಲಿ ನಾನೂ ಒಬ್ಬಳು.

ಕೆಡುವುದು ಅಂದರೆ ಏನು? ನಾನು ಕೆಲವು ವರ್ಷ ಕಲಬುರಗಿಯಲ್ಲಿದ್ದೆ. ಕಿಟಕಿಯ ಕಟ್ಟೆಯ ಮೇಲೆ ಬಾಟಲಿಗಳನ್ನು ಸಾಲಾಗಿ ಜೋಡಿಸಿದ್ದೆ. ಬಿಸಿಲು ಬಿದ್ದಾಗ ನೋಡಲು ಬಹಳ ಚೆಂದ. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಎರಡು ಬೇಸಿಗೆ ಕಳೆಯುವಷ್ಟರಲ್ಲಿ ನಿಂಬೆಯ ಸೆಂಟು ಪೇಂಟ್ ತೆಳು ಮಾಡುವ ಟರ್ಪೆಂಟೈನಿನ ಹಾಗೆ ನಾರತೊಡಗಿತು. ಬಿಸಿಲು, ಬಿಸಿ, ಗಾಳಿ ಮೂರೂ ಸೇರಿ ಲಿಮೋನಿನ್ ಅನ್ನು ಆಕ್ಸಿಡೀಕರಿಸಿದ್ದವು. ಹಳೇ ಕೊಬ್ಬರಿ ಎಣ್ಣೆ ಕಮಟಾಗುವುದೂ ಇದೇ ಜಾತಿಯ ಕೆಲಸ. ವಾಸನೆ ಕೆಟ್ಟರೆ ಹೋಗಲಿ ಅನ್ನಬಹುದು. ಆದರೆ ಆಕ್ಸಿಡೀಕರಣಗೊಂಡ ಲಿಮೋನಿನ್, ಲಿನಲೂಲ್‌ಗಳು ಕೆಲವರ ಚರ್ಮಕ್ಕೆ ಅಲರ್ಜಿ ತರುತ್ತವೆ. ಅರ್ಧ ಖಾಲಿಯಾದ ಬಾಟಲಿ ಇನ್ನೂ ಬೇಗ ಕೆಡುತ್ತದೆ, ಒಳಗೆ ಗಾಳಿ ಜಾಸ್ತಿ ಇರುತ್ತದಲ್ಲ.

ಫ್ರಾನ್ಸಿನ ವರ್ಸೇಯಲ್ಲಿ ಆಸ್ಮೊಟೆಕ್ ಅನ್ನುವ ಒಂದು ಸಂಸ್ಥೆ ಇದೆ. 1990ರಲ್ಲಿ ಶುರುವಾದದ್ದು. ಅಂಗಡಿಗಳಿಂದ ಎಂದೋ ಮರೆಯಾದ ಸೆಂಟುಗಳನ್ನು ಅಲ್ಲಿ ಕಾಪಾಡುತ್ತಾರೆ. ಹೇಗೆ ಗೊತ್ತಾ? ಕತ್ತಲಲ್ಲಿ, 12 ಡಿಗ್ರಿ ತಂಪಿನಲ್ಲಿ, ಬಾಟಲಿಯೊಳಗಿನ ಗಾಳಿಯ ಜಾಗಕ್ಕೆ ಆರ್ಗಾನ್ ಅನಿಲ ತುಂಬಿಸಿ. ಆರ್ಗಾನ್ ಯಾವುದರ ಜೊತೆಗೂ ಸುಲಭವಾಗಿ ಸೇರದ ಅನಿಲ. ನಮಗೆ ಅಷ್ಟೆಲ್ಲ ಬೇಡ. ಬೀರುವಿನ ಕೆಳಗಿನ ಅರೆ, ಬಂದ ರಟ್ಟಿನ ಡಬ್ಬದೊಳಗೇ ಇಟ್ಟರೆ ಸಾಕು. ಬಚ್ಚಲುಮನೆಯ ಕಪಾಟು, ಗಾಜಿನ ಷೋಕೇಸು ಎರಡೂ ಬೇಡ. ನನ್ನ ಬಾಟಲಿಗಳು ಈಗ ಹಳೇ ಸೀರೆಗಳ ಕೆಳಗಿವೆ. ನೋಡಲು ಏನೂ ಇಲ್ಲ.

ಇನ್ನು ಮೂಗಿನ ವಿಷಯ. ಇಲ್ಲೇ ನನಗೆ ಅತಿ ಹೆಚ್ಚು ಸೋಜಿಗ.

ವಾಸನೆಯನ್ನು ಹಿಡಿಯುವ ಗ್ರಾಹಕಗಳ ಜೀನ್ ಗುಂಪನ್ನು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ 1991ರಲ್ಲಿ ಗುರುತಿಸಿದರು. 2004ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಮನುಷ್ಯರಲ್ಲಿ ಕೆಲಸ ಮಾಡುವ ಇಂಥ ಗ್ರಾಹಕಗಳು ಸುಮಾರು 400 ಬಗೆ. ಬಣ್ಣ ನೋಡಲು ಕಣ್ಣಿಗೆ ಮೂರೇ ಬಗೆ ಸಾಕಾಗುತ್ತದೆ ಅನ್ನುವುದನ್ನು ನೆನಪಿಡಿ. ಒಂದು ಅಣು ಹಲವು ಗ್ರಾಹಕಗಳನ್ನು ತಟ್ಟುತ್ತದೆ, ಒಂದು ಗ್ರಾಹಕ ಹಲವು ಅಣುಗಳಿಗೆ ಓಗೊಡುತ್ತದೆ. 49 ಅಕ್ಷರದಲ್ಲಿ ಇಡೀ ಕನ್ನಡ ಬರೆದ ಹಾಗೆ, 400 ಗ್ರಾಹಕಗಳ ಜೋಡಣೆಯಲ್ಲಿ ಲೆಕ್ಕವಿಲ್ಲದಷ್ಟು ವಾಸನೆಗಳನ್ನು ಮೂಗು ಓದುತ್ತದೆ.

ಆದರೆ ಎಲ್ಲರ ಮೂಗಿನಲ್ಲೂ ಎಲ್ಲ ಅಕ್ಷರ ಇರುವುದಿಲ್ಲ! ಈ ಜೀನ್‌ಗಳು ಒಬ್ಬರಿಂದ ಒಬ್ಬರಿಗೆ ಬಹಳ ಬದಲಾಗುತ್ತವೆ. ವಯೊಲೆಟ್ ಹೂವಿನ ಘಮಕ್ಕೆ ಮುಖ್ಯ ಕಾರಣವಾದ ಅಯೊನೋನ್ ಎಷ್ಟೋ ಜನರಿಗೆ ಸರಿಯಾಗಿ ಗೊತ್ತೇ ಆಗುವುದಿಲ್ಲ. ಬೆವರಿನಲ್ಲಿರುವ ಆಂಡ್ರೊಸ್ಟಿನೋನ್ ಕೆಲವರಿಗೆ ಮೂತ್ರದ ನಾತ, ಕೆಲವರಿಗೆ ಸಿಹಿ, ಇನ್ನು ಕೆಲವರಿಗೆ ಏನೂ ಇಲ್ಲ. ಹಾಗಾಗಿ "ಇದು ಎಲ್ಲರಿಗೂ ಇಷ್ಟವಾಗುತ್ತೆ" ಅನ್ನುವ ಶಿಫಾರಸನ್ನು ನಾನು ಕಿವಿಗೆ ಹಾಕಿಕೊಳ್ಳುವುದಿಲ್ಲ. ಇನ್ನೊಬ್ಬರ ಕನ್ನಡಕ ಹಾಕಿಕೊಂಡು ಓದಿದ ಹಾಗೆ ಅದು.

ಮೂಗು ಬೇಗ ದಣಿಯುತ್ತದೆ ಕೂಡ. ಒಂದೇ ವಾಸನೆ ಬರುತ್ತಲೇ ಇದ್ದರೆ ಮಿದುಳು ಅದನ್ನು ಪಕ್ಕಕ್ಕಿಡುತ್ತದೆ. ಅದಕ್ಕೇ ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ, ನೆಂಟರಿಗೆ ಗೊತ್ತಾಗುತ್ತದೆ. ಮಧ್ಯಾಹ್ನ "ಸೆಂಟು ಹೋಗಿಬಿಟ್ಟಿದೆ" ಅಂತ ಮತ್ತೆ ನಾಲ್ಕು ಸಲ ಹೊಡೆದುಕೊಂಡು ಲಿಫ್ಟಿಗೆ ಹತ್ತುವವರ ಕಥೆಯೂ ಇದೇ. ಅಂಗಡಿಗಳಲ್ಲಿ ಮೂಗನ್ನು 'ತೊಳೆಯಲು' ಕಾಫಿ ಬೀಜ ಇಟ್ಟಿರುತ್ತಾರೆ. ಕಾಫಿ ನಾಡಿನವರಾದ ನಮಗೆ ಇದು ಹೆಮ್ಮೆಯ ವಿಷಯ ಅನ್ನಿಸಬಹುದು. ಆದರೆ 2011ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಪ್ರಯೋಗದಲ್ಲಿ ಕಾಫಿ ಬೀಜ, ನಿಂಬೆ ಹೋಳು, ಬರೀ ಗಾಳಿ ಮೂರನ್ನೂ ಹೋಲಿಸಿ ನೋಡಿದರು. ಕಾಫಿಯಿಂದ ವಿಶೇಷ ಉಪಯೋಗ ಏನೂ ಕಾಣಲಿಲ್ಲ. ಅಂಗಡಿಯಿಂದ ಆಚೆ ಬಂದು ನಿಲ್ಲುವುದೇ ವಾಸಿ. ಒಂದು ದಿನಕ್ಕೆ ಮೂರು ಸೆಂಟಿಗಿಂತ ಹೆಚ್ಚು ನಾನಂತೂ ಮೂಸುವುದಿಲ್ಲ.

ಮೂಗಿಗೆ ಪಾಠ ಹೇಳಿಸಲು ದುಡ್ಡು ಬೇಕಾಗಿಲ್ಲ, ಮಸಾಲೆ ಡಬ್ಬ ಸಾಕು. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಮೂಸಿ. ಅದರ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನಲೂಲ್, ಅಂದರೆ ಲ್ಯಾವೆಂಡರಿನಲ್ಲಿ ಇರುವುದೇ. ಇದು ಗೊತ್ತಾದ ಮೇಲೆ ಲ್ಯಾವೆಂಡರ್ ಹೊಲ ನೋಡದಿದ್ದರೂ ಬಾಟಲಿಯಲ್ಲಿ ಅದರ ಗುರುತು ಹಿಡಿಯಬಹುದು. ಲವಂಗದ ಯುಜಿನಾಲ್ ಕೆಲವು ತುಳಸಿಗಳಲ್ಲೂ ಇದೆ. ಮಜ್ಜಿಗೆ ಹುಲ್ಲಿನ ಸಿಟ್ರಾಲ್ ನಿಂಬೆಯಲ್ಲೂ ಇದೆ. ಸೆಂಟಿನ ಡಬ್ಬದ ಮೇಲಿನ ಬಣ್ಣದ ಮಾತುಗಳಿಗಿಂತ "ಕೊತ್ತಂಬರಿ, ಆಮೇಲೆ ಒದ್ದೆ ಕಟ್ಟಿಗೆ" ಅಂತ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಮ್ಮ ಕಡೆಯವರ ಸಂಗ್ರಹದಲ್ಲಿ ಗಂಧಕ್ಕೆ ಜಾಗ ಇದ್ದೇ ಇರುತ್ತದೆ. ಬೇರೆ ಗಿಡಗಳ ಬೇರಿಗೆ ತನ್ನ ಬೇರು ಚುಚ್ಚಿ ನೀರು, ಲವಣ ಎಳೆದುಕೊಂಡು ಬೆಳೆಯುವ ಅರೆ ಪರಾವಲಂಬಿ ಮರ ಅದು. ಪರಿಮಳ ಇರುವುದು ಒಳಗಿನ ಚೇಗಿನಲ್ಲಿ, ಅದೂ ಹತ್ತಾರು ವರ್ಷ ಕಾದ ಮೇಲೆ. ಮೊದಲ ಮಹಾಯುದ್ಧದಲ್ಲಿ ಮೈಸೂರಿನ ಗಂಧದ ಮರಕ್ಕೆ ಯುರೋಪಿನ ಗಿರಾಕಿ ತಪ್ಪಿತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರ್ ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ, 1916ರಲ್ಲಿ, ಎಣ್ಣೆಯನ್ನು ಇಲ್ಲೇ ತೆಗೆಯುವ ಕೆಲಸ ಶುರುವಾಯಿತು. ಸ್ಯಾಂಟಲಾಲ್ ಕುದಿಯುವುದು 300 ಡಿಗ್ರಿಯ ಆಸುಪಾಸಿನಲ್ಲಿ. ಮೈಬಿಸಿಗೆ ಅದು ಸುಲಭವಾಗಿ ಹಾರುವುದಿಲ್ಲ. ಜೊತೆಗಿರುವ ಹಗುರ ಅಣುಗಳನ್ನೂ ಒಂದಷ್ಟು ಹೊತ್ತು ಹಿಡಿದಿಡುತ್ತದೆ.

ಉತ್ತರ ಪ್ರದೇಶದ ಕನ್ನೌಜಿನ ಅತ್ತರಿನವರಿಗೆ ಇದು ತಲೆಮಾರುಗಳಿಂದ ಗೊತ್ತು. ತಾಮ್ರದ ಹಂಡೆಯಲ್ಲಿ ಹೂ, ನೀರು ಹಾಕಿ ಕುದಿಸುತ್ತಾರೆ. ಬಿದಿರಿನ ಕೊಳವೆಯಲ್ಲಿ ಬಂದ ಹಬೆಯನ್ನು ಗಂಧದ ಎಣ್ಣೆ ಇರುವ ಇನ್ನೊಂದು ಪಾತ್ರೆಯಲ್ಲಿ ತಣಿಸುತ್ತಾರೆ. ಹೂವಿನ ಪರಿಮಳ ಗಂಧದೊಳಗೆ ಸೇರಿಕೊಳ್ಳುತ್ತದೆ. ಹೂವಿನ ಬದಲು ಸುಟ್ಟ ಜೇಡಿಮಣ್ಣು ಹಾಕಿದರೆ ಮಿಟ್ಟಿ ಅತ್ತರು, ಮೊದಲ ಮಳೆಯ ಘಮ. ಆ ಘಮಕ್ಕೆ ಪೆಟ್ರಿಕೋರ್ ಅಂತ ಹೆಸರಿಟ್ಟವರು ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್, 1964ರಲ್ಲಿ. ಈ ಅತ್ತರಿನ ಒಂದು ಪುಟ್ಟ ಶೀಶೆ ನನ್ನ ಹತ್ತಿರ ಇದೆ. ಇದ್ದುದರಲ್ಲಿ ಅತಿ ಕಡಿಮೆ ಬಳಸುವುದೂ ಅದನ್ನೇ, ಅತಿ ಹೆಚ್ಚು ಸಲ ಮುಚ್ಚಳ ತೆಗೆಯುವುದೂ ಅದರದ್ದೇ. ಈಗ ಗಂಧದೆಣ್ಣೆ ತುಟ್ಟಿಯಾಗಿ, ಎಷ್ಟೋ ಅತ್ತರಿನಲ್ಲಿ ಅದರ ಜಾಗಕ್ಕೆ ಲಿಕ್ವಿಡ್ ಪ್ಯಾರಾಫಿನ್ ಬಂದಿದೆ. ಅಗ್ಗದ 'ಅಸಲಿ' ಅತ್ತರಿನ ಬಗ್ಗೆ ಹುಷಾರಾಗಿರಿ.

ಹಾಗಂತ ಲ್ಯಾಬಿನಲ್ಲಿ ಮಾಡಿದ್ದೆಲ್ಲ ಕೀಳು ಅನ್ನುವವಳು ನಾನಲ್ಲ. 1868ರಲ್ಲಿ ವಿಲಿಯಂ ಪರ್ಕಿನ್ ಎಂಬ ಬ್ರಿಟಿಷ್ ರಸಾಯನ ವಿಜ್ಞಾನಿ, ಒಣಹುಲ್ಲಿನಂಥ ಸಿಹಿ ಘಮದ ಕೂಮರಿನ್ ಅನ್ನು ಲ್ಯಾಬಿನಲ್ಲಿ ತಯಾರಿಸಿದ. ಅದನ್ನು ಬಳಸಿದ ಫುಜೇರ್ ರಾಯಲ್ ಎಂಬ ಸೆಂಟು 1882ರಲ್ಲಿ ಬಂತು. ಇಂದಿನ ಅರ್ಧ ಗಂಡಸರ ಸೆಂಟುಗಳು ಅದರ ಮೊಮ್ಮಕ್ಕಳು ಅಂತ ನನಗನ್ನಿಸುತ್ತದೆ. 1921ರ ಶನೆಲ್ ನಂಬರ್ 5 ಹೆಸರು ಮಾಡಿದ್ದೇ ಲ್ಯಾಬಿನಲ್ಲಿ ಮಾಡಿದ ಆಲ್ಡಿಹೈಡ್ ಎಂಬ ಪರಿಮಳದ ವಸ್ತುಗಳಿಂದ. ಇನ್ನೊಂದು ಕಡೆ, ಬರ್ಗಮಾಟ್ ಎಂಬ ನಿಂಬೆ ಜಾತಿಯ ಹಣ್ಣಿನ ಅಪ್ಪಟ ಎಣ್ಣೆಯನ್ನು ಹಾಗೇ ಮೈಗೆ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮ ಸುಟ್ಟು ಕಪ್ಪು ಕಲೆ ಬೀಳಬಹುದು. ಮಲ್ಲಿಗೆಯನ್ನೇ ನೋಡಿ. ಅದರಲ್ಲಿ ಇಂಡೋಲ್ ಇದೆ. ಗಟ್ಟಿಯಾಗಿದ್ದಾಗ ಇಂಡೋಲ್ ನುಸಿಗುಳಿಗೆ ಮತ್ತು ಮಲದ ನಡುವಿನ ಒಂದು ನಾತ. ಚೂರೇ ಚೂರು ಇದ್ದಾಗ ಮಲ್ಲಿಗೆಗೆ ಜೀವ ಕೊಡುವುದೂ ಅದೇ. ಮದುವೆಮನೆಯಲ್ಲಿ ರಾತ್ರಿ ಹತ್ತರ ಹೊತ್ತಿಗೆ ಮುಡಿಯಲ್ಲಿ ಬಾಡಿದ ದಂಡೆ ನೆನಪಿಸಿಕೊಳ್ಳಿ, ಗೊತ್ತಾಗುತ್ತದೆ.

ಎಷ್ಟು ಬಾಟಲಿ ಇರಬೇಕು? ಆರನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಒಂದು ಲೆಕ್ಕ ಕೊಡುತ್ತಾನೆ: 16 ಸುಗಂಧ ದ್ರವ್ಯಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ 1820 ಬಗೆಯ ಜೋಡಣೆ. ಇಂದಿನ ಸೆಂಟು ತಯಾರಕರ ಕೈಯಲ್ಲಿ ಸಾವಿರಕ್ಕೂ ಹೆಚ್ಚು ವಸ್ತುಗಳಿವೆ. ಎಲ್ಲವನ್ನೂ ಮೂಸುತ್ತೇನೆ ಅಂತ ಹೊರಟರೆ ಜನ್ಮ ಸಾಲದು. ನಾನು ಹವಾಮಾನ ನೋಡಿ ಇಟ್ಟುಕೊಂಡಿದ್ದೇನೆ. ಸೆಕೆಗಾಲಕ್ಕೆ ನಿಂಬೆ ಜಾತಿಯದು ಒಂದು, ಲಾವಂಚದ್ದು ಒಂದು. ಬಿಸಿಲಿಗೆ ಸಿಹಿ ಸೆಂಟುಗಳು ಉಸಿರು ಕಟ್ಟಿಸುತ್ತವೆ. ಬೆಂಗಳೂರಿನ ಡಿಸೆಂಬರ್ ಬೆಳಗಿಗೆ ಗಂಧ, ಏಲಕ್ಕಿ ಇರುವ ಭಾರದ್ದು. ಒಟ್ಟು ಒಂಬತ್ತು, ಒಂದೂ 30 ಮಿಲಿಲೀಟರ್ ಮೀರಿದ್ದಲ್ಲ.

ಒಂಬತ್ತನೆಯದರ ಮಾತು ಬೇರೆ. ಅದನ್ನು ತಂಗಿ ಉಡುಗೊರೆ ಕೊಟ್ಟಳು, ಪೂರ್ತಿ ಕಸ್ತೂರಿ ಜಾತಿಯದು. ಮುಂಗೈಗೆ ಹೊಡೆದು ಮೂಸಿದೆ. ಆಲ್ಕೋಹಾಲ್ ಹಾರಿದ ಮೇಲೆ ಏನೂ ಇಲ್ಲ, ನೀರು ಹಚ್ಚಿಕೊಂಡ ಹಾಗೆ. "ಅಕ್ಕ, ತಮಾಷೆ ಮಾಡ್ತಿದ್ದೀಯಾ? ರೂಮೆಲ್ಲ ತುಂಬಿದೆ" ಅಂದಳು ಅವಳು. ಒಂದೇ ತಾಯಿ ತಂದೆಯ ಮಕ್ಕಳು ನಾವು. ಆದರೂ ಆ ಒಂದು ಅಕ್ಷರ ಅವಳ ಪಾಲಿಗೆ ಬಂದಿದೆ, ನನ್ನ ಪಾಲಿಗೆ ಬಂದಿಲ್ಲ. ಅವಳು ಬಂದಾಗಲೆಲ್ಲ ಅದನ್ನು ಹಾಕಿಕೊಳ್ಳುತ್ತೇನೆ. ನೋಟ್‌ಬುಕ್ಕಿನ ಆ ಪುಟದಲ್ಲಿ ಎರಡೇ ಸಾಲು ಇದೆ. ನನಗೆ: ಏನೂ ಇಲ್ಲ. ಅವಳಿಗೆ: ಬಿಸಿಲಲ್ಲಿ ಒಣಗಿದ ಬಟ್ಟೆ.