ಎಸಿಎಲ್ ಹರಿದರೆ ಸ್ಟ್ರೈಕರ್ ಆಟ ಮುಗಿಯಿತೇ?

ಪ್ರಶ್ನೆ: ಮಗಳು ಕ್ಲಬ್ ತಂಡದ ಸ್ಟ್ರೈಕರ್. ಮಂಡಿಯ ಎಸಿಎಲ್ (ತೊಡೆಮೂಳೆಯನ್ನೂ ಮಂಡಿಯ ಕೆಳಗಿನ ಮೂಳೆಯನ್ನೂ ಹಿಡಿದಿಡುವ ರಜ್ಜು) ಪೂರ್ತಿ ಹರಿದಿದೆ ಎಂದು ಎಂಆರ್‌ಐನಲ್ಲಿ ಬಂದಿದೆ. ವೃತ್ತಿಪರ ಫುಟ್‌ಬಾಲ್ ಆಡುವ ಆಸೆ ಇಲ್ಲಿಗೇ ಬಿಡಬೇಕೇ?

ಉತ್ತರ: ಬಿಡಬೇಕಿಲ್ಲ. ಆದರೆ ಹೆಚ್ಚುಕಡಿಮೆ ಒಂದು ವರ್ಷವನ್ನು ಇದಕ್ಕೆಂದೇ ಎತ್ತಿಡಬೇಕು. ಆಪರೇಷನ್ ಎರಡು ಗಂಟೆಯ ಕೆಲಸ. ಅವಳು ಮತ್ತೆ ಗೋಲು ಹೊಡೆಯುವಳೋ ಇಲ್ಲವೋ ಎಂಬುದು ಬಹುಮಟ್ಟಿಗೆ ಆಮೇಲಿನ ಒಂಬತ್ತು–ಹನ್ನೆರಡು ತಿಂಗಳಲ್ಲಿ ತೀರ್ಮಾನವಾಗುತ್ತದೆ.

ನಾರ್ವೆಯ ಅದಾ ಹೆಗರ್‌ಬರ್ಗ್ ಅವರನ್ನು ನೋಡಿ. ಮಹಿಳೆಯರಿಗೆ ವರ್ಷದ ಶ್ರೇಷ್ಠ ಆಟಗಾರ್ತಿಯ ಪ್ರಶಸ್ತಿಯಾದ ಬ್ಯಾಲನ್ ಡಿ'ಓರ್ ಕೊಡಲು ಶುರುವಾದ 2018ರಲ್ಲಿ ಅದನ್ನು ಗೆದ್ದವರು ಅವರೇ. 2019ರಲ್ಲಿ ಯುರೋಪಿನ ಕ್ಲಬ್‌ಗಳ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಬಾರ್ಸಿಲೋನಾ ಮೇಲೆ ಮೊದಲ ಅರ್ಧ ಗಂಟೆಯಲ್ಲೇ ಹ್ಯಾಟ್ರಿಕ್ ಹೊಡೆದರು. 2020ರ ಜನವರಿಯಲ್ಲಿ ಅಭ್ಯಾಸದ ವೇಳೆ ಬಲ ಮಂಡಿಯ ಎಸಿಎಲ್ ಹರಿಯಿತು. ಚೇತರಿಸಿಕೊಳ್ಳುತ್ತಿದ್ದಾಗಲೇ ಎಡಗಾಲಿನಲ್ಲಿ ಮಂಡಿಯ ಕೆಳಗಿನ ಮೂಳೆಯಲ್ಲಿ ಒತ್ತಡದ ಬಿರುಕು. ಮತ್ತೆ ಮೈದಾನಕ್ಕೆ ಇಳಿದದ್ದು 2021ರ ಅಕ್ಟೋಬರ್‌ನಲ್ಲಿ, ಇಪ್ಪತ್ತು ತಿಂಗಳ ಮೇಲೆ. 2022ರ ಮೇನಲ್ಲಿ ಟ್ಯೂರಿನ್‌ನಲ್ಲಿ ನಡೆದ ಫೈನಲ್‌ನಲ್ಲಿ ಅದೇ ಬಾರ್ಸಿಲೋನಾ ವಿರುದ್ಧ ತಲೆಯಿಂದ ಗೋಲು ಹೊಡೆದು ತಮ್ಮ ಕ್ಲಬ್ ಲಿಯೋನ್ ಗೆಲ್ಲಲು ನೆರವಾದರು. ಇಂಗ್ಲೆಂಡ್‌ನ ಬೆತ್ ಮೀಡ್ ಎಸಿಎಲ್ ಗಾಯದಿಂದ 2023ರ ವಿಶ್ವಕಪ್ ತಪ್ಪಿಸಿಕೊಂಡರು. 2025ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಆರ್ಸೆನಲ್‌ನ ಏಕೈಕ ಗೋಲಿಗೆ ಪಾಸ್ ಕೊಟ್ಟವರು ಅವರೇ. ನಮ್ಮ ಮಣಿಪುರದ ಬಾಲಾ ದೇವಿ ಸ್ಕಾಟ್‌ಲೆಂಡ್‌ನ ರೇಂಜರ್ಸ್‌ನಲ್ಲಿದ್ದಾಗ ಇದೇ ಗಾಯಕ್ಕೆ ಸಿಕ್ಕಿದರು. 2024ರಲ್ಲಿ ದಕ್ಷಿಣ ಏಷ್ಯಾ ದೇಶಗಳ ಸ್ಯಾಫ್ ಟೂರ್ನಿಯಲ್ಲಿ, 34ನೇ ವಯಸ್ಸಿನಲ್ಲಿ, ಭಾರತದ ಪರ 50ನೇ ಗೋಲು ಹೊಡೆದರು.

ಫುಟ್‌ಬಾಲ್‌ನಲ್ಲಿ ಗಂಡಸರಿಗಿಂತ ಹೆಂಗಸರಿಗೆ ಈ ಗಾಯ ಎರಡು–ಮೂರು ಪಟ್ಟು ಹೆಚ್ಚು. ಸ್ಟ್ರೈಕರ್‌ಗೆ ಇದು ಎಷ್ಟೋ ಸಲ ಚೆಂಡು ತನ್ನ ಬಳಿ ಇಲ್ಲದಾಗ ಆಗುತ್ತದೆ. ಚೆಂಡು ಕಸಿಯಲು ಎದುರಾಳಿ ಡಿಫೆಂಡರ್ ಮೇಲೆ ಒತ್ತಡ ಹೇರುತ್ತ (ಪ್ರೆಸ್) ನುಗ್ಗುತ್ತಾಳೆ. ಆ ಡಿಫೆಂಡರ್ ಥಟ್ಟನೆ ದಿಕ್ಕು ಬದಲಿಸುತ್ತಾಳೆ. ಇವಳು ಬ್ರೇಕ್ ಹಾಕಲು ಕಾಲನ್ನು ದೂರಕ್ಕೆ ಊರುತ್ತಾಳೆ. ಮಂಡಿ ಹೆಚ್ಚು ಮಡಚಿಲ್ಲ, ಬೂಟಿನ ಸ್ಟಡ್ ನೆಲಕ್ಕೆ ಕಚ್ಚಿಕೊಂಡಿದೆ, ಮೈ ಒಂದು ಕಡೆಗೆ ವಾಲಿದೆ. ಮಂಡಿ ಒಳಕ್ಕೆ ಕುಸಿಯುತ್ತದೆ, ಒಳಗೆ 'ಟಪ್' ಎಂದಂತಾಗುತ್ತದೆ. ಯಾರೂ ಮುಟ್ಟಿರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಮಂಡಿ ಊದಿಕೊಳ್ಳುತ್ತದೆ. ಆಗ ಎಣ್ಣೆ ಹಾಕಿ ತಿಕ್ಕಿಸಬೇಡಿ. ಎಕ್ಸ್‌ರೇ ಸರಿಯಿದೆ ಎಂದು ಸುಮ್ಮನೆ ಕೂರಲೂಬೇಡಿ, ಎಕ್ಸ್‌ರೇಯಲ್ಲಿ ಎಸಿಎಲ್ ಕಾಣುವುದಿಲ್ಲ.

ಆಪರೇಷನ್‌ಗೂ ಆತುರ ಬೇಡ. ಊತ ಇಳಿದು, ಮಂಡಿ ಪೂರ್ತಿ ನೇರವಾಗುವಂತಾಗಿ, ತೊಡೆಯ ಮುಂದಿನ ಸ್ನಾಯು ಎಚ್ಚೆತ್ತ ಮೇಲೆ ಮಾಡಿಸಿದರೆ ಮುಂದಿನ ದಾರಿ ಸಲೀಸು. ಇದಕ್ಕೆ ಸಾಮಾನ್ಯವಾಗಿ ಕೆಲವು ವಾರ ಬೇಕು. ಮಂಡಿಯೊಳಗಿನ ಮೆತ್ತೆ (ಮೆನಿಸ್ಕಸ್) ಹರಿದು ಕದಲಿ ಮಂಡಿ ಸಿಕ್ಕಿಕೊಂಡಿದ್ದರೆ ಮಾತ್ರ ಲೆಕ್ಕ ಬೇರೆ. ಹರಿದ ರಜ್ಜುವಿನ ಜಾಗಕ್ಕೆ ಎಲ್ಲಿಂದ ಗ್ರಾಫ್ಟ್ (ಬದಲಿಗೆ ಕೂರಿಸುವ ಸ್ನಾಯುರಜ್ಜಿನ ತುಂಡು) ತೆಗೆಯುತ್ತಾರೆಂದು ಸರ್ಜನ್‌ಗೆ ಕೇಳಿ. ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು ತೆಗೆದರೆ ಮಂಡಿಯೂರಿ ಕೂರುವಾಗ ಕೆಲಕಾಲ ನೋವಿರುತ್ತದೆ. ಹ್ಯಾಮ್‌ಸ್ಟ್ರಿಂಗ್‌ನಿಂದ ತೆಗೆದರೆ ತೊಡೆಯ ಹಿಂಭಾಗದ ಶಕ್ತಿ ಕುಗ್ಗುತ್ತದೆ. ಸ್ಪ್ರಿಂಟ್‌ನಿಂದಲೇ ಬದುಕುವ ಸ್ಟ್ರೈಕರ್‌ಗೆ ಇದು ಸಣ್ಣ ಮಾತಲ್ಲ, ಆಪರೇಷನ್ ಟೇಬಲ್ ಹತ್ತುವ ಮುಂಚೆಯೇ ಚರ್ಚೆಯಾಗಬೇಕು.

ಆಮೇಲಿನ ಲೆಕ್ಕ ಹೀಗೆ: ಮೊದಲ ಎರಡು ವಾರದಲ್ಲಿ ಮಂಡಿ ನೇರ ಮಾಡುವುದು, ಸುಮಾರು ಮೂರು–ನಾಲ್ಕು ತಿಂಗಳಿಗೆ ನೇರ ಓಟ, ಆರರ ಸುಮಾರಿಗೆ ಜಿಗಿತ ಮತ್ತು ತಿರುವು. ಇದರಲ್ಲಿ ಮೋಸದ ಕಾಲ ಒಂದಿದೆ. ಎರಡು–ಮೂರು ತಿಂಗಳಿಗೆ ನೋವೆಲ್ಲ ಇಳಿದು ಕಾಲು ಚೆನ್ನಾಗೇ ಇದೆ ಅನ್ನಿಸುತ್ತದೆ. ಆದರೆ ಗ್ರಾಫ್ಟ್‌ನೊಳಗಿನ ಹಳೆಯ ಜೀವಕೋಶಗಳು ಸತ್ತು ಹೊಸ ರಕ್ತನಾಳಗಳು ಹುಟ್ಟುವುದು ಆಗಲೇ, ಅದು ಅತಿ ದುರ್ಬಲವಾಗಿರುವುದೂ ಆಗಲೇ. ಮನೆಯ ಅಂಗಳದಲ್ಲಿ ಚೆಂಡು ಒದ್ದು ನೋಡೋಣ ಎಂದು ಹೊರಡುವುದು ಸಾಮಾನ್ಯವಾಗಿ ಈ ವಾರಗಳಲ್ಲೇ. ತಡೆಯಿರಿ.

ಟೂರ್ನಿ ಬಂತೆಂದು ಏಳನೇ ತಿಂಗಳಿಗೇ ಇಳಿಸುವುದು ಇನ್ನೊಂದು ತಪ್ಪು, ಇದರ ಬಗ್ಗೆ ನಾವು ಗಟ್ಟಿಯಾಗಿಯೇ ಹೇಳುತ್ತೇವೆ. ಒಂಬತ್ತು ತಿಂಗಳವರೆಗೆ ತಡೆದ ಒಂದೊಂದು ತಿಂಗಳೂ ಮಂಡಿ ಮತ್ತೆ ಗಾಯಗೊಳ್ಳುವ ಅಪಾಯವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆಂದು ನಾರ್ವೆಯ ಸಂಶೋಧಕರು ಕಂಡಿದ್ದಾರೆ. ಕ್ಯಾಲೆಂಡರ್ ಒಂದೇ ಸಾಲದು. ತೊಡೆಯ ಮುಂದಿನ ಸ್ನಾಯುವಿನ ಶಕ್ತಿ ಇನ್ನೊಂದು ಕಾಲಿನ ಶೇ 90ರಷ್ಟಾದರೂ ಇರಬೇಕು. ಒಂಟಿ ಕಾಲಿನ ಒಂದು ನೆಗೆತ, ಮೂರು ನೆಗೆತ, ಅಡ್ಡಡ್ಡ ನೆಗೆತ, ಆರು ಮೀಟರ್ ದೂರವನ್ನು ಕುಪ್ಪಳಿಸಿ ಮುಗಿಸುವ ವೇಗ, ನಾಲ್ಕರಲ್ಲೂ ಅಷ್ಟೇ ಬರಬೇಕು. ನೆಗೆತದ ದೂರ ನೋಡಿ ಮರುಳಾಗಬೇಡಿ: ದುರ್ಬಲ ತೊಡೆಯನ್ನು ಸೊಂಟ, ಪಾದ ಸೇರಿ ಮುಚ್ಚಿಹಾಕುತ್ತವೆ. ಫಿಸಿಯೊ ಯಂತ್ರದಲ್ಲಿ ಶಕ್ತಿ ಅಳೆದು, ಇಳಿಯುವಾಗ ಮಂಡಿ ಒಳಗೆ ವಾಲುತ್ತದೆಯೇ ಎಂದು ವಿಡಿಯೊದಲ್ಲೂ ನೋಡಬೇಕು. ಭಯ ಹೋಗಿದೆಯೇ ಎಂದು ಅವಳನ್ನೇ ಕೇಳಿ. ಹಿಂಜರಿದು ಕಾಲಿಡುವವಳು ಗುಂಪಿನ ನಡುವೆ ಚೆಂಡಿಗೆ ಹೋಗುವಾಗ ಅರ್ಧ ಹೆಜ್ಜೆ ತಡವಾಗುತ್ತಾಳೆ, ಸ್ಟ್ರೈಕರ್‌ಗೆ ಆ ಅರ್ಧ ಹೆಜ್ಜೆಯೇ ಗೋಲು.

ತಂಡಕ್ಕೆ ಮರಳಿದ ಮೇಲೂ ಮೊದಲ ಪಂದ್ಯಗಳಲ್ಲಿ ಕೊನೆಯ ಹತ್ತು–ಹದಿನೈದು ನಿಮಿಷ ಸಾಕು, ಪೂರ್ತಿ 90 ನಿಮಿಷಕ್ಕೆ ವಾರಗಳ ಸಮಯ ಕೊಡಿ. ಫಿಫಾದ '11+' ವಾರ್ಮ್-ಅಪ್ ಬಿಡಲೇಬಾರದು: 15 ವ್ಯಾಯಾಮ, ಸುಮಾರು 20 ನಿಮಿಷ. ಅದರಲ್ಲಿ ನಾರ್ಡಿಕ್ ಹ್ಯಾಮ್‌ಸ್ಟ್ರಿಂಗ್ ಬರುತ್ತದೆ. ಮಂಡಿಯೂರಿ ಕೂತು, ಜೊತೆಗಾರ್ತಿ ಹಿಮ್ಮಡಿ ಒತ್ತಿ ಹಿಡಿದಿರುವಾಗ, ಮೈ ನೇರವಿಟ್ಟು ನಿಧಾನ ಮುಂದಕ್ಕೆ ಬಾಗುವುದು. ಶುರುವಿಗೆ 3–5 ಸಲ ಸಾಕು. ಒಂಟಿ ಕಾಲಿನ ವ್ಯಾಯಾಮಗಳನ್ನು ಗಾಯವಾಗದ ಕಾಲಿಗೂ ತಪ್ಪದೆ ಮಾಡಿಸಿ. ಹರೆಯದ ಹುಡುಗಿಯರಲ್ಲಿ ಮುಂದಿನ ಎಸಿಎಲ್ ಗಾಯ ಆ ಕಾಲಿಗೇ ಆಗುವುದೂ ಅಪರೂಪವಲ್ಲ.