ದಿನಾ ಸಂಜೆ ಪಿತ್ತದ ಗಂಧೆ: ಇನ್ನೇನು ತಿನ್ನುವುದು ಬಿಡಲಿ?

ಪ್ರಶ್ನೆ: ಮೂರು ತಿಂಗಳಿಂದ ಹೆಚ್ಚುಕಡಿಮೆ ದಿನಾ ಸಂಜೆ ಮೈಮೇಲೆ ಗಂಧೆ ಏಳುತ್ತಿದೆ. ಬೆಳಿಗ್ಗೆ ಗುರುತೂ ಇರುವುದಿಲ್ಲ. ಬದನೆಕಾಯಿ, ಮೊಟ್ಟೆ, ಮೀನು ಎಲ್ಲ ಬಿಟ್ಟಾಯಿತು. ಇನ್ನೇನು ಬಿಡಬೇಕು? (ತೀರ್ಥಹಳ್ಳಿ ತಾಲ್ಲೂಕಿನಿಂದ)

ಇನ್ನೇನೂ ಬಿಡಬೇಡಿ. ಈ ಉತ್ತರವನ್ನು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಆದರೂ ನಮ್ಮ ಕಡೆ ನಂಜು ಅಂತ ಬಿಡಿಸುವ ಪದಾರ್ಥಗಳ ಪಟ್ಟಿ ಮಾತ್ರ ಬೆಳೆಯುತ್ತಲೇ ಇದೆ.

ಹೊಸನಗರ ಕಡೆಯ ಒಬ್ಬ ಅಮ್ಮ ನನಗೆ ತೋರಿಸಲು ಮಗಳ ಹಳೇ ನೋಟ್‌ಬುಕ್ ತಂದಿದ್ದರು. ಬದನೆ, ಕಳಲೆ, ಉದ್ದು, ಹುಣಸೆಹುಳಿ, ಒಣಮೀನು... ಒಂದೊಂದಕ್ಕೂ ಗೀಟು ಎಳೆದಿದ್ದರು. ಆಷಾಢದಲ್ಲಿ ಮನೆಮಂದಿಗೆಲ್ಲ ಪತ್ರೊಡೆ ಮಾಡಿ ಬಡಿಸಿ, ತಾವು ಗಂಜಿ ಉಂಡಿದ್ದರು. ಮೈ ಇಳಿದಿತ್ತು, ಗಂಧೆ ಇಳಿದಿರಲಿಲ್ಲ.

ಆಹಾರದ ನಿಜವಾದ ಅಲರ್ಜಿ ಹೀಗೆ ಸತಾಯಿಸುವುದಿಲ್ಲ. ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ ಎರಡು ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ. ಅದೇ ಪದಾರ್ಥ ತಿಂದಾಗಲೆಲ್ಲ ಬರುತ್ತದೆ. ಸಿಗಡಿ ತಿಂದ ಅರ್ಧ ಗಂಟೆಗೆ ಪ್ರತಿ ಸಲವೂ ತುಟಿ ಊದಿದರೆ ಸಿಗಡಿ ಬಿಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 6 ವಾರ ದಾಟಿಯೂ ಹೆಚ್ಚಿನ ದಿನ ಏಳುವ ಗಂಧೆಗೆ ಊಟ ಕಾರಣವಾಗುವುದು ತೀರಾ ಅಪರೂಪ. ಚರ್ಮದಲ್ಲಿ ಮಾಸ್ಟ್ ಕೋಶಗಳು ಅಂತ ಇವೆ. ಅವು ಹಿಸ್ಟಮಿನ್ ಚೆಲ್ಲಿದಾಗ ಸಣ್ಣ ರಕ್ತನಾಳಗಳಿಂದ ನೀರು ಸೋರಿ ಚರ್ಮ ಉಬ್ಬುತ್ತದೆ, ತುರಿಸುತ್ತದೆ. ಅನೇಕರಲ್ಲಿ ಈ ಕೋಶಗಳನ್ನು ಕೆಣಕುವುದು ದೇಹದ ಸ್ವಂತ ರಕ್ಷಣಾ ವ್ಯವಸ್ಥೆಯೇ. ಬದನೆಕಾಯಿಯ ಪಾತ್ರ ಇಲ್ಲಿಲ್ಲ. ರಕ್ತ ಕೆಟ್ಟಿದೆ ಅನ್ನುವುದೂ ಸುಳ್ಳು.

ಮತ್ತೆ ಬಿಟ್ಟವರಿಗೆ ವಾಸಿ ಆಯ್ತಲ್ಲ ಅಂತೀರಿ. ಈ ಗಂಧೆ ತಾನಾಗಿ ಬರುತ್ತದೆ, ತಾನಾಗಿ ಹೋಗುತ್ತದೆ. ಅದು ಹೋಗುವ ವಾರ ನೀವು ಏನು ಬಿಟ್ಟಿದ್ದಿರೋ ಅದರ ತಲೆಗೆ ಅಪವಾದ ಕಟ್ಟುತ್ತೀರಿ. ದಿನಕ್ಕೆ ಮೂರು ಹೊತ್ತು ಉಣ್ಣುತ್ತೇವೆ, ಸಂಜೆ ಗಂಧೆ ಎದ್ದರೆ ಮಧ್ಯಾಹ್ನದ ಸಾರು ಸಿಕ್ಕಿಬೀಳುತ್ತದೆ ಅಷ್ಟೇ.

ಕಾರಣ ಹುಡುಕಲೇಬೇಕೆಂದರೆ ಅಡುಗೆಮನೆಯಿಂದ ಹೊರಗೆ ನೋಡಿ. ಆಗುಂಬೆ ಮಳೆಯಲ್ಲಿ ತೊಯ್ದಾಗ, ತಣ್ಣೀರಿಗೆ ಕೈಯಿಟ್ಟಾಗ ಏಳುತ್ತದೆಯೇ? ಅದು ಚಳಿಯ ಗಂಧೆ. ಅಡಿಕೆ ಸುಲಿಯಲು ಮೆಟ್ಟುಗತ್ತಿ ಮೇಲೆ ಕೂತೆದ್ದು, ನಾಲ್ಕಾರು ಗಂಟೆ ಬಿಟ್ಟು ತೊಡೆ ಊದುತ್ತದೆಯೇ? ಅದು ಚರ್ಮ ಒತ್ತಿದ್ದರಿಂದ ಏಳುವ ಗಂಧೆ. ಚಮಚದ ಹಿಡಿಯಿಂದ ಮುಂಗೈ ಮೇಲೆ ಮೆಲ್ಲಗೆ ಗೆರೆ ಎಳೆಯಿರಿ. ಐದು ಹತ್ತು ನಿಮಿಷದಲ್ಲಿ ಆ ಗೆರೆ ಉಬ್ಬಿ ತುರಿಸಿದರೆ ಗಂಧೆ ಏಳಲು ಗೀರಿದ್ದೇ ಸಾಕು ನಿಮಗೆ. ಇನ್ನೊಂದು, ಮೈಕೈ ನೋವಿಗೆ ನುಂಗುವ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆಗಳು ಕೆಲವರಲ್ಲಿ ಗಂಧೆಯನ್ನು ಜಾಸ್ತಿ ಮಾಡುತ್ತವೆ. ಇದನ್ನು ಯಾರೂ ನಂಜು ಅನ್ನುವುದಿಲ್ಲ ನೋಡಿ!

ಹಾಗೇ ಒಂದು ಗಂಧೆಯ ಸುತ್ತ ಬಾಲ್‌ಪೆನ್ನಿನಿಂದ ಗೀಟು ಹಾಕಿ. ಮರುದಿನ ಅದೇ ಹೊತ್ತಿಗೆ ಗೀಟಿನೊಳಗೆ ಚರ್ಮ ಸಪಾಟಾಗಿದ್ದರೆ ಅದು ಮಾಮೂಲಿ ಗಂಧೆ. ಅಲ್ಲೇ ಉಳಿದು, ನೋವಾಗಿ, ಹೋಗುವಾಗ ಕಲೆ ಬಿಟ್ಟರೆ ಚರ್ಮದ ಡಾಕ್ಟರಿಗೆ ತೋರಿಸಲೇಬೇಕು.

ಸಾವಿರಾರು ರೂಪಾಯಿಯ ಅಲರ್ಜಿ ಪರೀಕ್ಷೆ ಹೆಚ್ಚಿನವರಿಗೆ ಬೇಡ. ಸಾಮಾನ್ಯ ರಕ್ತ ಪರೀಕ್ಷೆ, ಬೇಕಾದರೆ ಥೈರಾಯ್ಡ್ ಸಾಕು. ಹಿಸ್ಟಮಿನ್ ತಡೆಯುವ ಸೆಟಿರಿಜಿನ್, ಫೆಕ್ಸೊಫೆನಡಿನ್ ತರಹದ ಮಾತ್ರೆಯನ್ನು ಡಾಕ್ಟರ್ ಹೇಳಿದಂತೆ ದಿನಾ ತೆಗೆದುಕೊಳ್ಳಬೇಕು, ಎದ್ದಾಗ ಮಾತ್ರ ಅಲ್ಲ. ಸಾಲದಿದ್ದರೆ ಪ್ರಮಾಣವನ್ನು ನಾಲ್ಕು ಪಟ್ಟಿನವರೆಗೆ ಏರಿಸುವುದುಂಟು, ಅದನ್ನು ಅವರೇ ಏರಿಸಬೇಕು. ನಾಲಿಗೆ, ಗಂಟಲು ಊದಿ ಉಸಿರು ಕಟ್ಟಿದರೆ ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.

ಕರಿ ಕಂಬಳಿ ಹೊದೆಯಬಹುದೇ ಅಂತ ನೀವು ಕೇಳಿಲ್ಲ, ಆದರೆ ಮನೆಯಲ್ಲಿ ಅಜ್ಜಿ ಹೇಳಿಯೇ ಇರುತ್ತಾರೆ. ಚಳಿಯಿಂದ ಏಳುವವರಿಗೆ ಬೆಚ್ಚಗೆ ಹಿತವಾಗುತ್ತದೆ. ಸೆಕೆಗೆ, ಬೆವರಿಗೆ ಏಳುವವರಿಗೆ ಅದೇ ಕಂಬಳಿ ಉರಿ ಹೆಚ್ಚಿಸುತ್ತದೆ. ಗೀರಿದರೆ ಏಳುವವರಿಗಂತೂ ಉಣ್ಣೆ ತಾಗುವುದೇ ಬೇಡ. ಅವರು ಹಳೇ ಹತ್ತಿ ಸೀರೆ ಹೊದ್ದು ಮಲಗಲಿ. ಮುರುಗಲು ಪಾನಕ ಕುಡಿಯಿರಿ ಅಂದರೆ ಕುಡಿಯಿರಿ, ರುಚಿಯಾಗಿರುತ್ತದೆ. ಮಾತ್ರೆ ಮಾತ್ರ ತಪ್ಪಿಸಬೇಡಿ.