ಸಿಡಿಗೆ ಹಾಕಿದ ಪಿಪಿಟಿ ಯಾಕೆ ಕೈಕೊಡುತ್ತದೆ?

ಅಂಗಡಿ ಮುಚ್ಚುವ ಹೊತ್ತಿಗೆ ಒಬ್ಬರು ಮೇಡಂ ಓಡೋಡಿ ಬಂದರು. ಪಿಎಚ್‌ಡಿ ಪ್ರಬಂಧದ ಜೊತೆ ಸ್ಲೈಡ್‌ಗಳ ಸಿಡಿಯನ್ನೂ ಕೊಡಬೇಕಿತ್ತು. "ಸರ್, ಮೂರು ಸಿಡಿ ವೇಸ್ಟ್ ಆಯ್ತು. ನಮ್ಮನೇಲಿ ಚೆನ್ನಾಗಿ ಬರುತ್ತೆ, ಗೈಡ್ ಹತ್ರ ವಿಡಿಯೊನೂ ಇಲ್ಲ, ಕನ್ನಡನೂ ಇಲ್ಲ. ಒಳ್ಳೆ ಕಂಪನಿ ಸಿಡಿ ಕೊಡಿ" ಅಂದರು.

ಮೂರೂ ಸಿಡಿ ಹಾಕಿ ನೋಡಿದೆ. ಒಂದರಲ್ಲೂ ದೋಷವಿರಲಿಲ್ಲ. ನನ್ನ ಹತ್ತಿರ ಬರುವ ಇಂಥ ದೂರುಗಳಲ್ಲಿ ಜಾಸ್ತಿ ಹೀಗೇ. ಬೈಸಿಕೊಳ್ಳುವುದು ಸಿಡಿ, ತಪ್ಪಿರುವುದು ಫೈಲ್‌ನಲ್ಲಿ.

ಪಿಪಿಟಿ, ಅಂದರೆ ಪವರ್‌ಪಾಯಿಂಟ್ ಸ್ಲೈಡ್‌ಗಳ ಫೈಲ್, ಎಲ್ಲವನ್ನೂ ಒಳಗೇ ಇಟ್ಟುಕೊಂಡಿರುತ್ತದೆ ಅಂತ ನಾವು ನಂಬಿರುತ್ತೇವೆ, ಅಲ್ವಾ? ಪವರ್‌ಪಾಯಿಂಟ್ 2007 ಮತ್ತು ಅದಕ್ಕಿಂತ ಹಳೆಯ ಆವೃತ್ತಿಗಳಲ್ಲಿ ವಿಡಿಯೊ ಫೈಲ್‌ನ ಒಳಗೆ ಹೋಗುತ್ತಲೇ ಇರಲಿಲ್ಲ. ಅದು ಎಲ್ಲಿದೆ ಅನ್ನುವ ವಿಳಾಸ ಮಾತ್ರ ಉಳಿಯುತ್ತಿತ್ತು. 2010ರಿಂದ ವಿಡಿಯೊ ಒಳಗೇ ಸೇರುತ್ತದೆ. ಆದರೆ ಹಳೇ ಫೈಲನ್ನೇ ತಿದ್ದಿ ತಿದ್ದಿ ಬಳಸಿದರೆ ಹಳೇ ಲಿಂಕೂ ಜೊತೆಗೇ ಬರುತ್ತದೆ. ಮೇಡಂ ಅವರದು ಎಂಫಿಲ್ ಕಾಲದ ಸ್ಲೈಡ್‌ಗಳು. 11ನೇ ಸ್ಲೈಡಿನ ವಿಡಿಯೊ ಅವರ ಲ್ಯಾಪ್‌ಟಾಪಿನ ಡಿ ಡ್ರೈವ್‌ನಲ್ಲಿತ್ತು. ಗೈಡ್ ಕಂಪ್ಯೂಟರಿನಲ್ಲಿ ಡಿ ಅಂದರೆ ಸಿಡಿ ಡ್ರೈವೇ! ಅಲ್ಲಿ ಹುಡುಕಿದರೆ ಏನು ಸಿಗಬೇಕು?

ಆ ಲಿಂಕ್ ತೆಗೆದು ವಿಡಿಯೊವನ್ನು ಹೊಸದಾಗಿ ಇನ್ಸರ್ಟ್ ಮಾಡಿದೆ. ಆಮೇಲೆ ಫೈಲ್ ಮೆನುವಿನ ಎಕ್ಸ್‌ಪೋರ್ಟ್‌ಗೆ ಹೋಗಿ 'ಪ್ಯಾಕೇಜ್ ಪ್ರೆಸೆಂಟೇಶನ್ ಫಾರ್ ಸಿಡಿ' ಆರಿಸಿದೆ. ಅಲ್ಲಿ ಆಪ್ಷನ್ಸ್ ಒಳಗೆ ಲಿಂಕ್ ಆದ ಫೈಲ್‌ಗಳು, ಫಾಂಟ್‌ಗಳು ಎರಡಕ್ಕೂ ಟಿಕ್ ಇರಬೇಕು. ನೇರವಾಗಿ ಸಿಡಿಗೆ ಕಳಿಸಬೇಡಿ. 'ಕಾಪಿ ಟು ಫೋಲ್ಡರ್' ಒತ್ತಿ, ಆ ಫೋಲ್ಡರನ್ನು ಪೆನ್ ಡ್ರೈವ್‌ನಲ್ಲಿ ಬೇರೆ ಕಂಪ್ಯೂಟರಿಗೆ ಒಯ್ದು ತೆರೆದು ನೋಡಿ. ಅಲ್ಲಿ ಸರಿಯಾಗಿ ಓಡಿದ ಮೇಲೆ ಸಿಡಿ ರೈಟ್ ಮಾಡಿ.

ಇನ್ನು ಕನ್ನಡ. ಅವರು ಟೈಪ್ ಮಾಡಿದ್ದು 'ನುಡಿ' ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೇ ಫಾಂಟ್‌ನಲ್ಲಿ. ಅದರಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿರುತ್ತಾರೆ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತಲೆಯ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳು ಸಾಲಾಗಿ ಕಾಣುತ್ತವೆ. ಫಾಂಟನ್ನು ಫೈಲ್ ಒಳಗೇ ಸೇರಿಸಬಹುದು, ಆದರೆ ಫಾಂಟ್ ಮಾಡಿದವರು ಅದಕ್ಕೆ ಅನುಮತಿ ಕೊಟ್ಟಿರಬೇಕು. ನನ್ನ ಸಲಹೆ ಒಂದೇ: ಕನ್ವರ್ಟರ್ ಬಳಸಿ ಯೂನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಜಾಗವಿರುವ ವ್ಯವಸ್ಥೆಗೆ, ಬದಲಾಯಿಸಿ. ಅದನ್ನು ತೋರಿಸುವ ನಿರ್ಮಲಾ ಯುಐ ಫಾಂಟ್ ವಿಂಡೋಸ್ 8ರಿಂದ ಈಚೆಗೆ ಜೊತೆಗೇ ಬರುತ್ತದೆ. ಬದಲಾಯಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಜೊತೆಗೆ ಒಂದು ಪಿಡಿಎಫ್ ಪ್ರತಿಯೂ ಸಿಡಿಯಲ್ಲಿರಲಿ.

ರೈಟ್ ಆಗುವುದೇ ಇಲ್ಲ ಅಂದರೆ ಮೊದಲು ಡ್ರೈವ್ ನೋಡಿ. ಕೆಲವು ಡ್ರೈವ್‌ಗಳು ಓದುತ್ತವೆ ಅಷ್ಟೇ, ಬರೆಯುವುದಿಲ್ಲ. ಯುಎಸ್‌ಬಿ ಡ್ರೈವ್ ಮಧ್ಯದಲ್ಲೇ ನಿಂತರೆ ಕರೆಂಟ್ ಸಾಲದೇ ಇರಬಹುದು, ಯುಎಸ್‌ಬಿ ಹಬ್ ಬಿಟ್ಟು ಕಂಪ್ಯೂಟರಿಗೇ ನೇರವಾಗಿ ಚುಚ್ಚಿ. ಸಿಡಿಯನ್ನು ಹೇಗೆ ಬಳಸುತ್ತೀರಿ ಅಂತ ವಿಂಡೋಸ್ ಎರಡು ಆಯ್ಕೆ ಕೊಟ್ಟಾಗ 'ವಿತ್ ಎ ಸಿಡಿ/ಡಿವಿಡಿ ಪ್ಲೇಯರ್' ಅನ್ನುವುದನ್ನೇ ಆರಿಸಿ. ಇನ್ನೊಂದು ಬಗೆಯಲ್ಲಿ ಬರೆದ ಸಿಡಿ ಕೆಲವು ಹಳೇ ಕಂಪ್ಯೂಟರುಗಳಲ್ಲಿ ತೆರೆಯುವುದಿಲ್ಲ.

ಮೇಡಂ ಅವರ ಫೋಲ್ಡರ್ 812 ಎಂಬಿ ಆಯಿತು, ಸಿಡಿಗೆ ಹಿಡಿಸುವುದು 700. ವಿಡಿಯೊ ಈಗ ಫೈಲ್ ಒಳಗೇ ಇದ್ದದ್ದರಿಂದ ಫೈಲ್ ಮೆನುವಿನ 'ಕಂಪ್ರೆಸ್ ಮೀಡಿಯಾ' ಒತ್ತಿ ಗಾತ್ರ ಇಳಿಸಿ, ಮತ್ತೆ ಪ್ಯಾಕೇಜ್ ಮಾಡಿದೆ. ಸಿಡಿ ಬರೆದು ಬಿಲ್ಲಿಂಗ್ ಕಂಪ್ಯೂಟರಿನಲ್ಲಿ ಹಾಕಿದಾಗ 11ನೇ ಸ್ಲೈಡ್ ಓಡಿತು. ಖುಷಿಯಲ್ಲಿ ಅವರು ಹೆಸರು ಬರೆಯಲು ಬಾಲ್‌ಪೆನ್ ತೆಗೆದರು. ತಡೆದು ಮಾರ್ಕರ್ ಕೊಟ್ಟೆ. ಸಿಡಿಯಲ್ಲಿ ಡೇಟಾ ಇರುವ ಪದರ ಲೇಬಲ್ ಕಡೆಗೇ ಇರುತ್ತದೆ, ತೆಳು ಲೇಪದ ಕೆಳಗೆ. ಪೆನ್ನಿನ ಮೊನೆ ಒತ್ತಿದರೆ ಅದೇ ಜಾಗದ ಫೈಲ್ ಹೋಗುತ್ತದೆ.